ಅಟ್ಟದ ಮೇಲಿನ ಗಣಕಯಂತ್ರ

ಗಣಕಯಂತ್ರಕ್ಕೂ ಗಾಳಿ-ನೀರಿಗೂ ಏನು ಸಂಬಂಧ? ಕಂಪೆನಿಯ ಲಾಭಕ್ಕೂ ನೆರೆಮನೆಯವರ ಕ್ಷೇಮಕ್ಕೂ ಏನು ನಂಟು? ಜಾಲ್ಸೂರಿನ ಒಂದು ಮನೆಯ ಅಟ್ಟದಿಂದ ಆರಂಭವಾದ ವಿಚಾರವಿದು.

ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಪುತ್ತೂರನ್ನು ದಾಟಿ, ಸುಳ್ಯವನ್ನು ಸೇರುವುದಕ್ಕೆ ಸ್ವಲ್ಪ ಮೊದಲು ಜಾಲ್ಸೂರೆಂಬ ಊರು ಸಿಗುತ್ತದೆ. ಅಲ್ಲಿಂದ ಒಂದು ರಸ್ತೆ ಕವಲೊಡೆದು ಅಡೂರು, ಮುಳ್ಳೇರಿಯಗಳ ಮೂಲಕ ಕಾಸರಗೋಡಿನ ಕಡೆಗೆ ಇಳಿಯುವುದು. ಸಮೀಪದಲ್ಲಿಯೇ ಪಯಸ್ವಿನಿ ಹೊಳೆ. ಕೇರಳದಲ್ಲಿ ಅದೇ ಚಂದ್ರಗಿರಿಯೆನಿಸಿಕೊಂಡು ಕಡಲನ್ನು ಸೇರುತ್ತದೆ. ಅಡಕೆ ತೋಟ, ರಬ್ಬರು ಗುಡ್ಡ, ನಡುನಡುವೆ ಹೆಂಚಿನ ಮನೆಗಳು. ಇಲ್ಲಿಗೂ ಗಣಕಯಂತ್ರದ ಪ್ರಪಂಚಕ್ಕೂ ಏನು ಸಂಬಂಧವೆಂದು ಹೊಸಬರಿಗೆ ಅನಿಸಿದರೆ ಆಶ್ಚರ್ಯವಿಲ್ಲ.

ನನ್ನ ಅಕ್ಕನ ಮನೆ ಇರುವುದು ಈ ಊರಿನ ಬದಿಯಲ್ಲಿ. ಕಳೆದ ಬೇಸಗೆಯಲ್ಲಿ ನಾನು ಅಲ್ಲಿಗೆ ಹೋದ ದಿನ ಮನೆಯಲ್ಲಿ ಅಟ್ಟ ಗುಡಿಸುವ ಸಂಭ್ರಮ. ಮುರುಕು ತೊಟ್ಟಿಲು, ತೂತು ಬಿದ್ದ ಕೊಪ್ಪರಿಗೆ, ಹಳೆಯ ರೇಡಿಯೋ, ಇವೆಲ್ಲವುಗಳ ಹಿಂದಿನಿಂದ ಧೂಳು ಮೆತ್ತಿದ ಒಂದು ಗಣಕಯಂತ್ರವೂ ಹೊರಗೆ ಬಂದಿತು. ಬೆನ್ನಿಗೆ ಗೂನು ಬಂದಂತೆ ಕಾಣುವ, ಇಬ್ಬರು ಸೇರಿ ಎತ್ತಬೇಕಾದ ಆ ಹಳೆಯ ಪರದೆ. ಅದರ ಜೊತೆಗೆ ತಗಡಿನ ಪೆಟ್ಟಿಗೆ. ಅಳಿಯ ಪ್ರೌಢಶಾಲೆಯಲ್ಲಿದ್ದಾಗ ಭಾವ ಮಂಗಳೂರಿನಿಂದ ಜೀಪಿನಲ್ಲಿ ತಂದಿದ್ದ ಯಂತ್ರವದು.

ಅಳಿಯ ಈಗ ಬೆಂಗಳೂರಿನ ಒಂದು ಕಂಪೆನಿಯ ನೌಕರ. 2020ರ ಮಹಾಮಾರಿಯ ಕಾಲದಲ್ಲಿ ಊರಿಗೆ ಬಂದವನು ಇಲ್ಲಿಂದಲೇ ಕೆಲಸ ಮಾಡುವ ಅಭ್ಯಾಸ ಹಿಡಿದ. ಈಗಲೂ ತಿಂಗಳಲ್ಲಿ ಕೆಲವು ದಿನ ತೋಟದ ಮನೆಯೇ ಅವನ ಕಚೇರಿ.

ಅಂಗಳಕ್ಕೆ ಬಂದ ಗುಜರಿಯವನು ಯಂತ್ರವನ್ನು ತಟ್ಟಿ ನೋಡಿ, ಎಲ್ಲ ಸೇರಿ ಎಂಟುನೂರು ರೂಪಾಯಿ ಎಂದ. ಭಾವ ಒಪ್ಪಿದರು. ಅಷ್ಟರಲ್ಲಿ ಜಗಲಿಯ ಮೂಲೆಯಲ್ಲಿ ಎಲೆಯಡಕೆ ಕುಟ್ಟುತ್ತಿದ್ದ ಅಕ್ಕನ ಅತ್ತೆಯವರು ತಲೆಯೆತ್ತಿದರು. ಎಂಬತ್ತು ದಾಟಿದ ಹಿರಿಯರು. ಮನೆಯವರಿಗೆಲ್ಲ ಅವರು ಅಜ್ಜಿ.

"ಇದನ್ನು ತೆಗೆದುಕೊಂಡು ಹೋಗಿ ಏನು ಮಾಡುತ್ತೀಯಪ್ಪ?" ಎಂದು ಅವರು ಕೇಳಿದರು.

"ಒಡೆದು ತಾಮ್ರ ತೆಗೆಯುತ್ತಾರೆ, ಅಜ್ಜಿ. ವಯರುಗಳನ್ನು ಸುಡುತ್ತಾರೆ."

"ಉಳಿದದ್ದು?"

ಗುಜರಿಯವನು ನಕ್ಕು, "ಉಳಿದದ್ದನ್ನು ಎಲ್ಲಿಯಾದರೂ ಎಸೆಯುತ್ತಾರೆ" ಎಂದ.

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ, ಮೊಮ್ಮಗನ ಕಡೆಗೆ ತಿರುಗಿ ಒಂದೇ ಮಾತು ಕೇಳಿದರು. "ಎಲ್ಲಿಯಾದರೂ ಎಂದರೆ ಅದೂ ಯಾರದಾದರೂ ಮನೆಯ ಹಿಂದೆಯೇ ಅಲ್ಲವೇನೋ?"

ಆ ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಉತ್ತರ ತಿಳಿದಿರಲಿಲ್ಲ. ಯಂತ್ರ ಆ ದಿನ ಜಗಲಿಯಲ್ಲೇ ಉಳಿಯಿತು. ಉತ್ತರವನ್ನು ಹುಡುಕುತ್ತ ಹೊರಟಾಗ ನನಗೆ ತಿಳಿದುಬಂದ ಸಂಗತಿಗಳನ್ನು ಓದುಗರ ಮುಂದಿಡುತ್ತಿದ್ದೇನೆ.

ಗುಜರಿಯ ಚೀಲದಲ್ಲಿ ಚಿನ್ನದ ಗಣಿ

ಆ ಗೂನುಬೆನ್ನಿನ ಪರದೆಯ ಗಾಜಿನಲ್ಲಿ ಸೀಸವಿದೆ. ಒಂದೊಂದರಲ್ಲಿ ಒಂದೆರಡು ಕಿಲೋವಾದರೂ ಇರಬಹುದು. ಒಳಗಿನ ಹಸುರು ಫಲಕಗಳ ಬೆಸುಗೆಯಲ್ಲಿಯೂ ಸೀಸ. ಕೆಲವು ಭಾಗಗಳಲ್ಲಿ ಕ್ಯಾಡ್ಮಿಯಂ, ಕೆಲವು ಚಪ್ಪಟೆ ಪರದೆಗಳ ದೀಪಗಳಲ್ಲಿ ಪಾದರಸ. ತಂತಿಯ ಹೊದಿಕೆಯನ್ನು ಬಯಲಿನಲ್ಲಿ ಸುಟ್ಟರೆ ಏಳುವ ಹೊಗೆ, ಸುಡುವವನ ಎದೆಗೂ ಅವನ ಮಕ್ಕಳಿಗೂ ವಿಷ. ಬೆಳೆಯುವ ಮಕ್ಕಳ ಬುದ್ಧಿಯನ್ನು ಸೀಸ ಕುಂದಿಸುವುದೆಂಬುದು ವೈದ್ಯರು ಬಹುಕಾಲದಿಂದ ಬಲ್ಲ ಮಾತು.

ಹಾಗೆಂದು ಅದು ಬರೀ ವಿಷದ ಪೆಟ್ಟಿಗೆಯಲ್ಲ. ಚಿನ್ನವೂ ಅದರಲ್ಲಿದೆ. ತುಕ್ಕು ಹಿಡಿಯದೆ ವಿದ್ಯುತ್ತನ್ನು ಸರಾಗವಾಗಿ ಹರಿಸುವ ಗುಣ ಚಿನ್ನಕ್ಕಿರುವುದರಿಂದ ಫಲಕಗಳ ಸಂಪರ್ಕದ ತುದಿಗಳಿಗೆ ಅದರ ತೆಳು ಲೇಪ ಕೊಡುತ್ತಾರೆ. ಕೋಲಾರದ ಚಿನ್ನದ ಗಣಿಯನ್ನು 2001ರ ಫೆಬ್ರವರಿ ಕೊನೆಯಲ್ಲಿ ಮುಚ್ಚಲಾಯಿತು. ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ ಸಿಗುವ ಸ್ಥಿತಿಯಲ್ಲಿ ಗಣಿಯ ಖರ್ಚು ಹೊಂದುತ್ತಿರಲಿಲ್ಲ. ಅದೇ ಒಂದು ಟನ್ ಗಣಕಯಂತ್ರ ಫಲಕಗಳಲ್ಲಿ ನೂರು ಗ್ರಾಮಿಗೂ ಮಿಕ್ಕಿ ಚಿನ್ನವಿರುವುದುಂಟು. ಭೂಮಿಯ ಆಳದಲ್ಲಿ ಮುಗಿದ ಗಣಿ ನಮ್ಮ ಅಟ್ಟಗಳಲ್ಲಿ ತೆರೆದುಕೊಂಡಿದೆ ಎಂದರೆ ಸಲ್ಲುವುದು.

ಆದರೆ ಕೋಲಾರದ ಕಥೆಗೆ ಇನ್ನೊಂದು ಮುಖವೂ ಉಂಟು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದದ್ದು ಮೊದಲು ಆ ಗಣಿಗಳಿಗೆ. ನಾಡಿಗೆ ಬೆಳಕು ಬಂದದ್ದೇ ಚಿನ್ನದ ದೆಸೆಯಿಂದ. ಗಣಿ ಮುಚ್ಚಿದ ಮೇಲೆ ಊರಿಗೆ ಉಳಿದದ್ದು ಸೈನೈಡಿನಿಂದ ತೊಳೆದ ಮಣ್ಣಿನ ಬೂದಿಬಣ್ಣದ ದಿಬ್ಬಗಳು. ಗಾಳಿ ಬೀಸಿದಾಗ ಅವುಗಳ ಧೂಳು ಹಾರಿ ಮನೆಗಳೊಳಗೆ ಬೀಳುತ್ತದೆ. ಲಾಭ ಪಡೆದವರು ಹೋದರು. ದಿಬ್ಬಗಳ ನೆರಳಿನಲ್ಲಿ ಬಾಳುತ್ತಿರುವವರು ಬೇರೆಯೇ ಜನ.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಲೆಕ್ಕದಂತೆ 2022ರಲ್ಲಿ ಪ್ರಪಂಚದಲ್ಲಿ ಹುಟ್ಟಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ತಂದದ್ದು ನೂರಕ್ಕೆ 22.3 ಭಾಗ ಮಾತ್ರ. ಉಳಿದದ್ದೆಲ್ಲ ಗುಜರಿಯವನು ಹೇಳಿದ ಆ 'ಎಲ್ಲಿಯಾದರೂ' ಎಂಬ ಸ್ಥಳಕ್ಕೆ.

ಈ ಕೆಲಸವನ್ನು ಸರಿಯಾಗಿ ಮಾಡಲು ಸಾಧ್ಯವೆಂದು ತೋರಿಸಿದವರಲ್ಲಿ ನಮ್ಮ ನಾಡಿನವರೂ ಇದ್ದಾರೆ. ಬೆಂಗಳೂರು-ತುಮಕೂರು ರಸ್ತೆಯ ಡಾಬಸ್‌ಪೇಟೆಯಲ್ಲಿ ಶ್ರೀ ಪಿ. ಪಾರ್ಥಸಾರಥಿಯವರು ಸ್ಥಾಪಿಸಿದ 'ಇ-ಪರಿಸರ' ಘಟಕ 2005ರಲ್ಲಿ ಕೆಲಸ ಆರಂಭಿಸಿತು. ಸರ್ಕಾರದ ಅಧಿಕೃತ ಅನುಮತಿ ಪಡೆದ ಇಂಥ ಘಟಕಗಳಲ್ಲಿ ದೇಶಕ್ಕೇ ಅದು ಮೊದಲನೆಯದು. ಯಂತ್ರಗಳನ್ನು ಕೈಯಿಂದ ಬಿಚ್ಚಿ, ಲೋಹ, ಗಾಜು, ಪ್ಲಾಸ್ಟಿಕ್ ಎಂದು ಬೇರ್ಪಡಿಸಿ, ಫಲಕಗಳನ್ನು ಪುಡಿ ಮಾಡಿ ಲೋಹ ತೆಗೆಯುವ ಕ್ರಮವನ್ನು ಅಲ್ಲಿ ರೂಢಿಸಿದರು. ಬೆಂಕಿಯ ಗುಡ್ಡೆಯಾಗಲಿ, ಆಮ್ಲದ ಬಕೆಟ್ಟಾಗಲಿ ಬೇಕಾಗಲಿಲ್ಲ.

ಕಾಣದ ಹೊಗೆ

"ಮಾವ, ಯಂತ್ರ ಸತ್ತ ಮೇಲಿನ ಕಥೆಯನ್ನೇ ನೀವು ನೋಡುತ್ತಿದ್ದೀರಿ. ಬದುಕಿದ್ದಾಗಿನದು ಅದಕ್ಕಿಂತ ದೊಡ್ಡದು" ಎಂದು ಅಳಿಯ ಹೇಳಿದ. ಅವನ ಕಂಪೆನಿಯಲ್ಲಿ ಪ್ರತಿವರ್ಷ ಈ ವಿಷಯವಾಗಿ ನೌಕರರಿಗೆ ಒಂದು ಪಾಠ ನಡೆಯುವುದಂತೆ.

1946ರಲ್ಲಿ ಅಮೆರಿಕದಲ್ಲಿ ಲೋಕದ ಮುಂದೆ ಬಂದ 'ಎನಿಯಾಕ್' ಎಂಬ ಗಣಕಯಂತ್ರ 30 ಟನ್ ತೂಗುತ್ತಿತ್ತು. ಅದರಲ್ಲಿದ್ದ ನಿರ್ವಾತ ನಳಿಕೆಗಳು ಸುಮಾರು 18,000. ಬೇಕಾಗಿದ್ದ ವಿದ್ಯುತ್ತು ಸುಮಾರು 150 ಕಿಲೋವಾಟ್. ಭಾರತಕ್ಕೆ ಗಣಕಯಂತ್ರ ಬಂದದ್ದು 1950ರ ದಶಕದ ನಡುವಿನಲ್ಲಿ, ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಗೆ. ಇಂದು ಅಂಗೈಯಲ್ಲಿ ಹಿಡಿಯುವ ದೂರವಾಣಿ ಎನಿಯಾಕ್‌ಗಿಂತ ಎಷ್ಟೋ ಪಾಲು ಚುರುಕು. ತಿನ್ನುವ ವಿದ್ಯುತ್ತೋ ಕೆಲವೇ ವಾಟ್. ಹಾಗಿದ್ದಲ್ಲಿ ಚಿಂತೆಯೇಕೆ?

ಚಿಂತೆ ಸಂಖ್ಯೆಯಲ್ಲಿದೆ. ನಾವು ದೂರವಾಣಿಯಲ್ಲಿ ಒಂದು ಚಿತ್ರವನ್ನು ನೋಡಿದಾಗ ಅದು ಬರುವುದು ಎಲ್ಲಿಯೋ ಇರುವ ದತ್ತಾಂಶ ಕೇಂದ್ರದಿಂದ. ಸಾವಿರಾರು ಯಂತ್ರಗಳು ಹಗಲಿರುಳು ಉರಿಯುವ ಬೃಹತ್ ಉಗ್ರಾಣವದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಲೋಕದ ಇಂಥ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್. ಪ್ರಪಂಚದ ಒಟ್ಟು ಬಳಕೆಯಲ್ಲಿ ನೂರಕ್ಕೆ ಒಂದೂವರೆ ಭಾಗ. 2030ರ ಹೊತ್ತಿಗೆ ಅದು ಇಮ್ಮಡಿಗೂ ಮೀರಿ ಬೆಳೆಯುವ ನಿರೀಕ್ಷೆಯಿದೆ. ಕೃತಕ ಬುದ್ಧಿಮತ್ತೆಯ ಹಸಿವು ಇದಕ್ಕೆ ಮುಖ್ಯ ಕಾರಣ. ಯಂತ್ರಗಳನ್ನು ತಂಪಾಗಿಡಲು ನೀರೂ ಬೇಕು. 2024ರ ಬೇಸಗೆಯಲ್ಲಿ ಕೊಡ ಹಿಡಿದು ಟ್ಯಾಂಕರಿಗಾಗಿ ಕಾದ ಬೆಂಗಳೂರಿಗರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಭಾರತದಲ್ಲಿ ಒಂದು ಯೂನಿಟ್ ವಿದ್ಯುತ್ತು ತಯಾರಾಗುವಾಗ ಸರಾಸರಿ 700 ಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹೆಚ್ಚಿನ ಪಾಲು ವಿದ್ಯುತ್ತು ಇನ್ನೂ ಕಲ್ಲಿದ್ದಲಿನದೇ. ದೂರ ಹೋಗುವುದೇಕೆ? ಉಡುಪಿ ಜಿಲ್ಲೆಯ ಯಲ್ಲೂರಿನಲ್ಲಿ ಹಡಗಿನಲ್ಲಿ ಬಂದ ಕಲ್ಲಿದ್ದಲನ್ನು ಉರಿಸುವ 1,200 ಮೆಗಾವಾಟ್ ಸ್ಥಾವರವೇ ಇದೆ. ಅದರ ಬೂದಿ ಮತ್ತು ಉಪ್ಪುನೀರಿನ ವಿಷಯವಾಗಿ ಸುತ್ತಲಿನ ರೈತರು ಬಹುಕಾಲದಿಂದ ದೂರುತ್ತ ಬಂದಿದ್ದಾರೆ. ಗಣಕಯಂತ್ರಕ್ಕೆ ಚಿಮಣಿಯಿಲ್ಲ, ನಿಜ. ಅದರ ಚಿಮಣಿ ಇರುವುದು ಇನ್ನೊಬ್ಬರ ಊರಿನಲ್ಲಿ.

ಅಳಿಯ ಕಾಗದದ ಮೇಲೆ ಒಂದು ಲೆಕ್ಕ ಬರೆದು ತೋರಿಸಿದ. ಅಟ್ಟದ ಹಳೆಯ ಯಂತ್ರ ಪರದೆ ಸಹಿತ 150 ವಾಟ್ ತಿನ್ನುವುದೆಂದಿಟ್ಟುಕೊಳ್ಳೋಣ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ ನಡೆದರೆ 30 ಯೂನಿಟ್. ಅವನ ಮಡಿಲಗಣಕ 40 ವಾಟಿನದು. ಅದೇ ಲೆಕ್ಕದಲ್ಲಿ 8 ಯೂನಿಟ್. "ಅಂದ ಮೇಲೆ ಹೊಸದನ್ನು ಕೊಂಡದ್ದೇ ಲೇಸಾಯಿತಲ್ಲ!" ಎಂದೆ ನಾನು.

"ಅಲ್ಲೇ ನೋಡಿ ಮಾವ ಮೋಸವಿರುವುದು. ಒಂದು ಮಡಿಲಗಣಕವನ್ನು ತಯಾರಿಸುವಾಗಲೇ ಇನ್ನೂರು-ಮುನ್ನೂರು ಕಿಲೋ ಇಂಗಾಲ ಖರ್ಚಾಗಿರುತ್ತದೆ. ಅದರ ಇಡೀ ಆಯುಷ್ಯದ ಹೊರೆಯಲ್ಲಿ ಮುಕ್ಕಾಲು ಪಾಲು ನಾವು ಗುಂಡಿ ಒತ್ತುವುದಕ್ಕೆ ಮೊದಲೇ ಮುಗಿದಿರುತ್ತದೆ. ಗೂನುಪರದೆಯನ್ನು ಬಿಟ್ಟು ಮಡಿಲಗಣಕಕ್ಕೆ ಬಂದದ್ದು ಸರಿ. ಆದರೆ ಮೂರು ವರ್ಷಕ್ಕೊಂದು ಮಡಿಲಗಣಕ ಬದಲಾಯಿಸುವುದು ತೆಂಗಿನಮರ ಫಲ ಕೊಡುವ ಹೊತ್ತಿಗೆ ಕಡಿದು ಹೊಸ ಸಸಿ ನೆಟ್ಟಂತೆ."

ಕಾವಿಯ ನೆಲವೂ ಕಂಪೆನಿಯ ಕಟ್ಟಡವೂ

ಹಾಗಾದರೆ ಲಕ್ಷಗಟ್ಟಲೆ ಯಂತ್ರಗಳನ್ನಿಟ್ಟುಕೊಂಡ ಕಂಪೆನಿಗಳು ಏನು ಮಾಡುತ್ತಿವೆ? ಇಲ್ಲಿ ಹೇಳಲೇಬೇಕಾದ ಒಂದು ಪ್ರಯೋಗವುಂಟು.

ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆ ಹೈದರಾಬಾದಿನ ಪೋಚಾರಂನಲ್ಲಿ ಒಂದು ಕಟ್ಟಡವನ್ನು ನಡುವೆ ಸೀಳಿದಂತೆ ಎರಡು ಸಮಪಾಲು ಮಾಡಿ ಕಟ್ಟಿತು. ಒಂದು ಪಾಲಿನಲ್ಲಿ ಎಲ್ಲರಿಗೂ ತಿಳಿದ ಹವಾನಿಯಂತ್ರಣ, ಅದೂ ಒಳ್ಳೆಯ ದರ್ಜೆಯದು. ಇನ್ನೊಂದು ಪಾಲಿನಲ್ಲಿ ಗಾಳಿಯನ್ನು ತಂಪುಗೊಳಿಸುವ ಬದಲು ಕಾಂಕ್ರೀಟು ತಾರಸಿಯೊಳಗೆ ಕೊಳವೆ ಹೂತು, ಅದರಲ್ಲಿ ತಂಪುನೀರು ಹರಿಸಿದರು. ಜನರ ಸಂಖ್ಯೆ, ಬಿಸಿಲು, ಯಂತ್ರಗಳು ಎರಡೂ ಕಡೆ ಸಮ. ಅಳೆದು ನೋಡಿದಾಗ ನೀರಿನ ಪಾಲು ತಂಪಿಗಾಗಿ ಖರ್ಚು ಮಾಡಿದ ವಿದ್ಯುತ್ತು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಮೆಯಿತ್ತು. ಕಟ್ಟುವ ಖರ್ಚೂ ಹೆಚ್ಚೇನೂ ಆಗಲಿಲ್ಲ. ಗಾಳಿಗಿಂತ ನೀರು ಶಾಖವನ್ನು ಬಹಳ ಚೆನ್ನಾಗಿ ಹೊತ್ತೊಯ್ಯಬಲ್ಲುದೆಂಬುದೇ ಇದರ ಗುಟ್ಟು.

ಇದನ್ನು ಅಜ್ಜಿಗೆ ವಿವರಿಸಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಮಧ್ಯಾಹ್ನ ಅವರು ಮಲಗುವುದು ಕಾವಿಯ ನೆಲದ ಮೇಲೆ, ಬರಿಯ ಚಾಪೆ ಹಾಸಿ. "ನೆಲ ತಣ್ಣಗಿದ್ದರೆ ಗಾಳಿ ಯಾಕಪ್ಪ?" ಎಂದು ಸುಮ್ಮನಾದರು.

ಆ ಸಂಸ್ಥೆ 2011ರಲ್ಲಿ ಇಂಗಾಲದ ಹೊರೆಯನ್ನು ಸೊನ್ನೆಗೆ ತರುವ ಸಂಕಲ್ಪ ಪ್ರಕಟಿಸಿ, 2020ರಲ್ಲಿ ಅದು ಈಡೇರಿತೆಂದು ಸಾರಿತು. ತನ್ನ ಲೆಕ್ಕದಂತೆ 2008ರಿಂದ 2020ರೊಳಗೆ ತಲಾ ವಿದ್ಯುತ್ ಬಳಕೆಯನ್ನು ನೂರಕ್ಕೆ 55ರಷ್ಟು ಇಳಿಸಿತು. 2019ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಪ್ರಶಸ್ತಿಯೂ ಬಂದಿತು. ಮಾಡಿದವರ ಬೆನ್ನು ತಟ್ಟುವುದು ನ್ಯಾಯವೇ. ಜೊತೆಗೆ ಒಂದು ಮಾತು ನೆನಪಿನಲ್ಲಿರಲಿ: 'ಸೊನ್ನೆ' ಎಂದರೆ ಹೊಗೆಯೇ ಇಲ್ಲವೆಂದಲ್ಲ. ತಗ್ಗಿಸಲಾಗದೆ ಉಳಿದ ಹೊಗೆಗೆ ಪ್ರತಿಯಾಗಿ ಹಳ್ಳಿಗಳಲ್ಲಿ ಗೋಬರ್ ಅನಿಲ, ಹೊಗೆ ಕಡಮೆಯ ಒಲೆ ಮುಂತಾದವುಗಳಿಗೆ ಹಣ ಕೊಟ್ಟು ಲೆಕ್ಕ ಸರಿದೂಗಿಸುವ ಕ್ರಮವದು. ಹಳ್ಳಿಯ ಅಡಿಗೆಮನೆಗೆ ಅದರಿಂದ ಉಪಕಾರವಾಗುವುದು ನಿಜ. ಆದರೂ ಪರಿಹಾರ ಕೊಡುವುದಕ್ಕಿಂತ ಹಾನಿ ಮಾಡದಿರುವುದೇ ಮೇಲು.

ದೊಡ್ಡವರ ಲೆಕ್ಕವೂ ಜಾರುವುದುಂಟು. ಹಸುರಿನ ಪ್ರತಿಜ್ಞೆ ಮಾಡಿದ್ದ ಗೂಗಲ್ ಸಂಸ್ಥೆಯ ಇಂಗಾಲದ ಹೊರೆ 2019ರಿಂದ 2023ರೊಳಗೆ ನೂರಕ್ಕೆ 48ರಷ್ಟು ಏರಿತೆಂದು ಅದರ ವರದಿಯೇ ಹೇಳಿತು.

ಸದ್ಗುಣಕ್ಕೆ ಗಿರಾಕಿಯಿಲ್ಲದಿದ್ದರೆ

ಇನ್ನೊಂದು ಕಥೆ ವಿಪ್ರೋ ಸಂಸ್ಥೆಯದು. ಅದು ಒಂದು ಕಾಲಕ್ಕೆ ತಾನೇ ಗಣಕಯಂತ್ರಗಳನ್ನು ತಯಾರಿಸುತ್ತಿತ್ತು. 2005ರಲ್ಲಿ ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಯವರು ಹಳೆಯ ಯಂತ್ರಗಳ ತ್ಯಾಜ್ಯವನ್ನು ತಂದು ಅದರ ಬೆಂಗಳೂರಿನ ಕಚೇರಿಯ ಮುಂದೆ ಪ್ರತಿಭಟನೆ ಹೂಡಿದರು. ನೀವು ಮಾರಿದ ಯಂತ್ರದ ಅಂತ್ಯಕ್ರಿಯೆ ಯಾರ ಹೊಣೆ ಎಂಬುದು ಅವರ ಪ್ರಶ್ನೆ. ಜಾಲ್ಸೂರಿನ ಅಜ್ಜಿ ಕೇಳಿದ್ದೂ ಅದನ್ನೇ.

ಮೆಚ್ಚಬೇಕಾದ ಸಂಗತಿಯೆಂದರೆ ಸಂಸ್ಥೆ ಮುನಿಯಲಿಲ್ಲ, ತಿದ್ದಿಕೊಂಡಿತು. ಹಳೆಯ ಯಂತ್ರಗಳನ್ನು ಮರಳಿ ಪಡೆಯುವ ಏರ್ಪಾಟು ಮಾಡಿತು. 2010ರಲ್ಲಿ ಕೆಲವು ಅಪಾಯಕಾರಿ ರಾಸಾಯನಿಕಗಳನ್ನು ತೊರೆದ ಗಣಕಯಂತ್ರವನ್ನು ಮಾರುಕಟ್ಟೆಗೆ ತಂದಿತು. 2012ರಲ್ಲಿ ಅದೇ ಗ್ರೀನ್‌ಪೀಸ್ ಪ್ರಕಟಿಸಿದ ಹಸುರು ಕಂಪೆನಿಗಳ ಪಟ್ಟಿಯಲ್ಲಿ ಪ್ರಪಂಚದ ಘಟಾನುಘಟಿಗಳನ್ನು ಹಿಂದಿಕ್ಕಿ ವಿಪ್ರೋ ಮೊದಲ ಸ್ಥಾನ ಪಡೆಯಿತು.

ಮರುವರ್ಷವೇ, 2013ರಲ್ಲಿ, ಅದು ಗಣಕಯಂತ್ರ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಲಾಭ ತೆಳುವಾದ ಆ ವ್ಯವಹಾರದಲ್ಲಿ ಮುಂದುವರಿಯಲು ಕಾರಣ ಉಳಿದಿರಲಿಲ್ಲ. ಅಂಗಡಿಯಲ್ಲಿ ನಾವು ಕೇಳಿದ್ದು 'ಬೆಲೆ ಎಷ್ಟು?' ಎಂದು, 'ವಿಷ ಎಷ್ಟು?' ಎಂದು ಕೇಳಿದವರೆಷ್ಟು ಮಂದಿ? ಜವಾಬ್ದಾರಿಯುತ ವ್ಯಾಪಾರಕ್ಕೆ ಜವಾಬ್ದಾರಿಯುತ ಗಿರಾಕಿಯೂ ಬೇಕು.

ಪಾವಗಡದ ಬಿಸಿಲು

ಯಂತ್ರ ಮಿತವಾಗಿ ತಿಂದರೆ ಸಾಲದು, ತಿನ್ನುವ ಅನ್ನವೂ ಶುದ್ಧವಾಗಿರಬೇಕು. ಸೂರ್ಯನ ಬೆಳಕಿಗಿಂತ ಶುದ್ಧವಾದುದು ಯಾವುದಿದೆ? ತುಮಕೂರು ಜಿಲ್ಲೆಯ ಪಾವಗಡದಲ್ಲಿ ಐದು ಹಳ್ಳಿಗಳ 13,000 ಎಕರೆಯಲ್ಲಿ ಸೌರಫಲಕಗಳನ್ನು ಹರಡಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವನವನ್ನು 2019ರ ಹೊತ್ತಿಗೆ ಪೂರ್ಣಗೊಳಿಸಿದರು. ಲೋಕದ ದೊಡ್ಡ ಸೌರವನಗಳಲ್ಲಿ ಅದೊಂದು.

ಅಲ್ಲಿನ ಏರ್ಪಾಟಿನಲ್ಲಿ ಒಂದು ವಿವೇಕವಿತ್ತು. ರೈತರ ಭೂಮಿಯನ್ನು ಕಿತ್ತುಕೊಳ್ಳದೆ, ಕೊಳ್ಳದೆ, ಗೇಣಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ; ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಮಳೆಯನ್ನೇ ಕಾಣದ ಬರದ ನಾಡಿನಲ್ಲಿ ಭೂಮಿಯುಳ್ಳವನಿಗೆ ಇದು ನೆಮ್ಮದಿಯ ಮಾತು. ಆದರೆ ಭೂಮಿಯಿಲ್ಲದವನಿಗೆ? ಬೇರೆಯವರ ಹೊಲದಲ್ಲಿ ಶೇಂಗಾ ಬಿಡಿಸಿ ಕೂಲಿ ಪಡೆಯುತ್ತಿದ್ದವನ ಕೂಲಿ ಹೋಯಿತು, ಗೇಣಿಯಲ್ಲಿ ಅವನ ಪಾಲಿಲ್ಲ. ಕುರಿ ಮೇಯಿಸುವವನ ಬಯಲಿಗೆ ಬೇಲಿ ಬಿದ್ದಿತು. ಇದು ಅಲ್ಲಿಗೆ ಹೋಗಿ ಬಂದ ಅಧ್ಯಯನಕಾರರೂ ಪತ್ರಕರ್ತರೂ ಮತ್ತೆ ಮತ್ತೆ ದಾಖಲಿಸಿದ ಸಂಗತಿ.

ಹಸುರು ವಿದ್ಯುತ್ತೆಂಬ ಒಂದೇ ಕಾರಣಕ್ಕೆ ವ್ಯವಹಾರ ಧರ್ಮಬದ್ಧವಾಗುವುದಿಲ್ಲ. ಅದರಿಂದ ಯಾರ ತಟ್ಟೆ ತುಂಬಿತು, ಯಾರ ತಟ್ಟೆ ಬರಿದಾಯಿತು ಎಂದು ಕೇಳಬೇಕಾಗುತ್ತದೆ. ಯಂತ್ರದ ಮಿತವ್ಯಯ, ಪ್ರಕೃತಿಯ ರಕ್ಷಣೆ, ಮನುಷ್ಯರ ವಿಷಯದಲ್ಲಿ ನ್ಯಾಯ, ಈ ಮೂರೂ ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ ನಡೆದರೆ ಮಾತ್ರ ಬಂಡಿ ಸಾಗೀತು.

ನೆರೆಮನೆಯ ಪಾಠ

ಅಜ್ಜಿಯ ಪ್ರಶ್ನೆ ಎಲ್ಲಿಂದ ಹುಟ್ಟಿತೆಂಬುದು ನನಗೆ ಆ ಸಂಜೆ ತಿಳಿಯಿತು. ಕಾಸರಗೋಡಿನ ಕಡೆಗೆ ಇಳಿಯುವ ರಸ್ತೆಯನ್ನು ತೋರಿಸಿ ಅವರು, "ಆಚೆ ಗೇರುತೋಟಕ್ಕೆ ಮದ್ದು ಹೊಡೆದವರೂ ಏನೂ ಆಗುವುದಿಲ್ಲವೆಂದೇ ಹೇಳಿದ್ದರು" ಎಂದರು.

ಗಡಿಯ ಆಚೆಗೆ, ಕಾಸರಗೋಡಿನ ಗೇರುತೋಟಗಳ ಮೇಲೆ ಸುಮಾರು ಎರಡು ದಶಕಗಳ ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನಮ್ಮ ಜಿಲ್ಲೆಯ ಕೊಕ್ಕಡದ ಕಡೆಯ ಗೇರುತೋಟಗಳಲ್ಲಿಯೂ ಅದೇ ಔಷಧಿ. ತೋಟಗಳು ಸರ್ಕಾರಿ ನಿಗಮಗಳವು. ಉದ್ದೇಶ ಗೇರುಬೀಜದ ಇಳುವರಿ. ಬುಡದ ಹಳ್ಳಿಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ನರರೋಗಗಳ ಮಕ್ಕಳು ಹುಟ್ಟಿದರು. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀ ಪಡ್ರೆ ಮುಂತಾದವರು ಬಹಳ ಹಿಂದೆಯೇ ಎಚ್ಚರಿಕೆ ಕೊಟ್ಟಿದ್ದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶ ಬರುವ ಹೊತ್ತಿಗೆ ಒಂದು ತಲೆಮಾರೇ ಬೆಲೆ ತೆತ್ತಾಗಿತ್ತು. ಲೆಕ್ಕಪುಸ್ತಕದಲ್ಲಿ ಗೇರುಬೀಜದ ಆದಾಯ ಬರೆದವರು ಆ ತೊಟ್ಟಿಲುಗಳನ್ನು ಯಾವ ಕಲಮಿನಲ್ಲಿ ಬರೆದಿದ್ದರು?

ಈ ಕಲಮನ್ನು ತೆರೆಯಿಸುವ ಪ್ರಯತ್ನಗಳು ಈಗ ನಡೆದಿವೆ. 2013ರ ಕಂಪೆನಿ ಕಾಯಿದೆಯಂತೆ ನಿಗದಿತ ಗಾತ್ರದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡನ್ನು ಸಮಾಜದ ಕಾರ್ಯಗಳಿಗೆ ವಿನಿಯೋಗಿಸಬೇಕು. 2022-23ರಿಂದ ಷೇರುಪೇಟೆಯ ಅತಿ ದೊಡ್ಡ ಒಂದು ಸಾವಿರ ಕಂಪೆನಿಗಳು, ತಾವು ಎಷ್ಟು ವಿದ್ಯುತ್ತು ಬಳಸಿದೆವು, ಎಷ್ಟು ನೀರು ಕುಡಿದೆವು, ಎಷ್ಟು ತ್ಯಾಜ್ಯ ಹೊರಹಾಕಿದೆವು, ಕೆಲಸಗಾರರನ್ನು ಹೇಗೆ ನಡೆಸಿಕೊಂಡೆವು ಎಂಬ ವರದಿಯನ್ನು ಪ್ರಕಟಿಸಲೇಬೇಕೆಂದು ಸೆಬಿ ವಿಧಿಸಿದೆ. ವಿದ್ಯುನ್ಮಾನ ತ್ಯಾಜ್ಯದ ನಿಯಮಗಳು 2012ರ ಮೇ ತಿಂಗಳಲ್ಲಿ ಜಾರಿಗೆ ಬಂದು, ತಯಾರಿಸಿ ಮಾರಿದವನಿಗೇ ಅದರ ಅಂತ್ಯದ ಹೊಣೆಯನ್ನೂ ಹೊರಿಸಿದವು. 2023ರ ಏಪ್ರಿಲಿನಿಂದ ಇನ್ನಷ್ಟು ವಿಸ್ತಾರವಾದ ನಿಯಮಗಳು ಜಾರಿಯಲ್ಲಿವೆ.

ನೂರಕ್ಕೆ ಎರಡನ್ನು ದಾನ ಮಾಡುವುದು ಒಳ್ಳೆಯದೇ. ಆದರೆ ಉಳಿದ ತೊಂಬತ್ತೆಂಟನ್ನು ಗಳಿಸಿದ ಬಗೆಯೇ ಮುಖ್ಯ. ಹೊಳೆಗೆ ವಿಷ ಬಿಟ್ಟು ಶಾಲೆಗೆ ಪುಸ್ತಕ ಹಂಚಿದರೆ ಪಾಪ ತೊಳೆಯದು. ವರದಿಯ ಹೊಳಪಿನ ಕಾಗದವನ್ನು ನೋಡಿ ಮರುಳಾಗದೆ ಒಳಗಿನ ಅಂಕಿಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವ ಅಭ್ಯಾಸ ಷೇರು ಹೊಂದಿದ ಮಧ್ಯಮವರ್ಗದ ಗೃಹಸ್ಥರಿಗೂ ಬರಬೇಕಾಗಿದೆ.

ಮನೆಯಲ್ಲಿ ನಾವೇನು ಮಾಡಬಹುದು?

ಕಂಪೆನಿಗಳಿಗೆ ಉಪದೇಶ ಹೇಳುವ ಮೊದಲು ನಮ್ಮ ಅಂಗಳವನ್ನು ಗುಡಿಸಿಕೊಳ್ಳುವುದು ಲೇಸು. ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಡ.

ಮೊದಲನೆಯದಾಗಿ, ಎದ್ದು ಹೋಗುವಾಗ ಯಂತ್ರವನ್ನು ಮಲಗಿಸಿ ಹೋಗಬೇಕು. ಪರದೆಯ ಮೇಲೆ ಮೀನು ಈಜುವ ಚಿತ್ರ ಬಂದರೆ ವಿದ್ಯುತ್ತು ಉಳಿಯಿತೆಂದು ಅನೇಕರು ಭಾವಿಸುತ್ತಾರೆ. ಅದು ತಪ್ಪು; ಮೀನು ಈಜುವುದಕ್ಕೂ ವಿದ್ಯುತ್ತು ಬೇಕು. ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸುವುದು ಉತ್ತಮ. ಪರದೆಯ ಪ್ರಖರತೆಯನ್ನು ಕಣ್ಣಿಗೆ ಹಿತವಾಗುವಷ್ಟು ತಗ್ಗಿಸಿದರೆ ಕಣ್ಣೂ ಉಳಿಯುವುದು, ವಿದ್ಯುತ್ತೂ ಉಳಿಯುವುದು.

ಎರಡನೆಯದಾಗಿ, ಯಂತ್ರವನ್ನು ಹೆಚ್ಚು ಕಾಲ ಬಾಳಿಸಬೇಕು. ನಿಧಾನವಾದ ಯಂತ್ರಕ್ಕೆ ಹೊಸ ಸ್ಮೃತಿಫಲಕವೋ ಹೊಸ ಸಂಗ್ರಾಹಕವೋ ಹಾಕಿಸಿದರೆ ಮತ್ತೆ ನಾಲ್ಕು ವರ್ಷ ದುಡಿದೀತು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ 'ವಿಂಡೋಸ್ 10'ಕ್ಕೆ ಎಲ್ಲರಿಗೂ ಕೊಡುತ್ತಿದ್ದ ಉಚಿತ ಬೆಂಬಲವನ್ನು ನಿಲ್ಲಿಸಿತು. ಇದರಿಂದ ಪ್ರಪಂಚದಲ್ಲಿ 24 ಕೋಟಿ ಯಂತ್ರಗಳು ಗುಜರಿ ಸೇರಬಹುದೆಂದು ಒಂದು ಮಾರುಕಟ್ಟೆ ಅಧ್ಯಯನ ಸಂಸ್ಥೆ ಮೊದಲೇ ಅಂದಾಜಿಸಿತ್ತು. ಯಂತ್ರ ಗಟ್ಟಿಮುಟ್ಟಾಗಿದ್ದರೂ ಅದನ್ನು ನಡೆಸುವ ತಂತ್ರಾಂಶ ಕೈಬಿಟ್ಟಿತೆಂದು ಎಸೆಯುವುದೇ? ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶವನ್ನು ಬಿಡಿಕಾಸಿಲ್ಲದೆ ಹಾಕಿಕೊಳ್ಳಬಹುದು. ಅದರಲ್ಲಿ ಕನ್ನಡವನ್ನೂ ಚೆನ್ನಾಗಿ ಬರೆಯಬಹುದು.

ಮೂರನೆಯದಾಗಿ, ಸತ್ತ ಯಂತ್ರವನ್ನು ಸರಿಯಾದ ಸ್ಥಳಕ್ಕೆ ತಲಪಿಸಬೇಕು. ಅನುಮತಿ ಪಡೆದ ಮರುಬಳಕೆದಾರರ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತದೆ. ತಯಾರಿಸಿದ ಕಂಪೆನಿಯನ್ನು ಕೇಳಿದರೆ ಮರಳಿ ಪಡೆಯುವ ಏರ್ಪಾಟನ್ನು ಅದು ತಿಳಿಸಬೇಕು. ಗುಜರಿಯವನನ್ನು ಇದರಲ್ಲಿ ಶತ್ರುವೆಂದು ಕಾಣಬಾರದು. ಊರೂರು ಸುತ್ತಿ ಸಂಗ್ರಹಿಸುವ ಅವನ ಶ್ರಮವಿಲ್ಲದಿದ್ದರೆ ಈಗ ನಡೆಯುವಷ್ಟು ಮರುಬಳಕೆಯೂ ನಡೆಯದು. ಒಡೆಯುವ, ಸುಡುವ ಅಪಾಯ ಅವನ ಪಾಲಿಗೆ ಬಾರದಂತೆ ನೋಡುವುದೇ ನಮ್ಮ ಕರ್ತವ್ಯ.

ನಾಲ್ಕನೆಯದಾಗಿ, ವಿದ್ಯುತ್ತಿನ ಮೂಲ. ಮಲೆನಾಡಿನ ಹಲವು ಮನೆಗಳಲ್ಲಿ ಗುಡ್ಡದ ತೋಡಿನ ನೀರನ್ನು ಕೊಳವೆಯಲ್ಲಿ ಇಳಿಸಿ, ಕಿರಿದಾದ ಚಕ್ರ ತಿರುಗಿಸಿ, ಒಂದು ಕಿಲೋವಾಟಿನಷ್ಟು ವಿದ್ಯುತ್ತು ಪಡೆಯುತ್ತಿದ್ದಾರೆ. ಬಿಸಿಲಿರುವಲ್ಲಿ ಸೌರಫಲಕ. ಬಡವರ ಮನೆಗೂ ಸೌರದೀಪ ತಲಪಿಸಬಹುದೆಂದು 1995ರಲ್ಲಿ 'ಸೆಲ್ಕೋ' ಆರಂಭಿಸಿ ತೋರಿಸಿದ ಶ್ರೀ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದದ್ದನ್ನು ಓದುಗರು ಬಲ್ಲರು. ವ್ಯಾಪಾರವೂ ಉಪಕಾರವೂ ಒಂದೇ ಅಂಗಡಿಯಲ್ಲಿ ಸಿಗಬಹುದೆಂಬುದಕ್ಕೆ ಅದೊಂದು ನಿದರ್ಶನ.

ಅಜ್ಜಿಯ ತೀರ್ಪು

ಜಗಲಿಯಲ್ಲಿ ಉಳಿದ ಯಂತ್ರದ ಗತಿ ಏನಾಯಿತೆಂದು ಓದುಗರು ಕೇಳಬಹುದು. ಅಳಿಯ ಅದನ್ನು ಬಿಚ್ಚಿ ಪರಿಶೀಲಿಸಿದ. ಉಪಯೋಗಕ್ಕೆ ಬರುವಂಥದು ಏನೂ ಉಳಿದಿರಲಿಲ್ಲ. ಬೆಂಗಳೂರಿಗೆ ಹೋಗುವಾಗ ಕಾರಿನ ಹಿಂಬದಿಯಲ್ಲಿ, ಅಡಕೆಯ ಗೋಣಿಯ ಪಕ್ಕದಲ್ಲಿ, ಅದನ್ನೂ ಇರಿಸಿಕೊಂಡು ಹೋಗಿ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಿ ರಸೀದಿ ತಂದ. ಅವರು ಕೊಟ್ಟದ್ದು ಗುಜರಿಯವನು ಹೇಳಿದ ಬೆಲೆಗಿಂತ ಕಡಮೆ. ಪೆಟ್ರೋಲು, ಶ್ರಮ ಲೆಕ್ಕ ಹಾಕಿದರೆ ನಷ್ಟವೇ. ಭಾವ ಸ್ವಲ್ಪ ಗೊಣಗಿದರು.

ಅವನು ಹಿಂದೆ ಬಳಸುತ್ತಿದ್ದ, ಆರು ವರ್ಷದ ಮಡಿಲಗಣಕಕ್ಕೆ ಮಾತ್ರ ಮರುಜನ್ಮ ಬಂದಿತು. ಹೊಸ ಬ್ಯಾಟರಿ, ಸ್ವತಂತ್ರ ತಂತ್ರಾಂಶ. ಈಗ ಅದು ನೆರೆಮನೆಯ ಹುಡುಗಿಯ ಬಳಿ ಇದೆ. ಆಕೆ ಪಿಯುಸಿ ಓದುತ್ತಿದ್ದಾಳೆ. ಸಂಜೆ ಅಂಗಳದಲ್ಲಿ ಅದನ್ನು ತೆರೆದು ಕುಳಿತಾಗ ಅಜ್ಜಿ ಪಕ್ಕದಲ್ಲಿ ಕುಳಿತು ಕುತೂಹಲದಿಂದ ನೋಡುತ್ತಾರೆ.

ರಸೀದಿಯನ್ನು ಅಳಿಯ ಅಜ್ಜಿಯ ಕೈಗಿಟ್ಟಾಗ ಅವರು ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನಷ್ಟ ಎಷ್ಟಾಯಿತೋ?"

"ಐನೂರು-ಆರುನೂರು ಆಗಿರಬಹುದು, ಅಜ್ಜಿ."

"ಆಗಲಿ. ಯಾರದೋ ಮಗು ಕೆಮ್ಮದೆ ನಿದ್ರೆ ಮಾಡುವುದಾದರೆ ಅದು ದುಬಾರಿಯಲ್ಲ" ಎಂದು ಹೇಳಿ, ಆ ರಸೀದಿಯನ್ನು ಮಡಚಿ ತಮ್ಮ ಎಲೆಯಡಕೆಯ ಪೆಟ್ಟಿಗೆಯಲ್ಲಿ ಇರಿಸಿಕೊಂಡರು.